ಗಾಡಿ ನಿಲ್ಲುವಲ್ಲಿಗೆ ಕರೆಂಟ್ ಬರಬೇಕು

(ಶಿವಮೊಗ್ಗದ ಬಡಾವಣೆಯೊಂದರ ನಿವಾಸಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಎಲೆಕ್ಟ್ರಿಕಲ್ ಕಂಟ್ರಾಕ್ಟರ್. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಆಯಿತು, ಈ ಊರಿನ ಮನೆ, ಅಂಗಡಿ, ಕಲ್ಯಾಣ ಮಂಟಪಗಳಿಗೆ ವೈರಿಂಗ್ ಮಾಡಿಸುತ್ತಾ ಬಂದಿದ್ದೇನೆ. ಮೂರು ವರ್ಷದಿಂದ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡಿದ್ದೇನೆ. ನಮ್ಮ ಮನೆಯವರು ಎಲೆಕ್ಟ್ರಿಕ್ ಸ್ಕೂಟರ್ ಓಡಿಸುತ್ತಾರೆ. ಕರೆಂಟ್ ಕೊಡುವ ಕೆಲಸವೂ ಗೊತ್ತು, ಕರೆಂಟಿಗಾಗಿ ಕಾಯುವ ಕಷ್ಟವೂ ಗೊತ್ತು. ಅವೆರಡನ್ನೂ ಇಟ್ಟುಕೊಂಡು ಮಾತಾಡುತ್ತೇನೆ.

ಕರೆದವರು ನನಗೊಂದು ಪ್ರಶ್ನೆ ಕೊಟ್ಟಿದ್ದರು. ಶಿವಮೊಗ್ಗದಂಥ ಊರಿಗೆ ಎಷ್ಟು ಚಾರ್ಜಿಂಗ್ ಸ್ಟೇಷನ್ ಬೇಕು? ಅದಕ್ಕೆ ಉತ್ತರ ಹೇಳುವ ಮೊದಲು ಒಂದು ರಾತ್ರಿ ನಡೆದದ್ದನ್ನು ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ವಾಪಸ್ ಬರುತ್ತಿದ್ದೆ. ಜೊತೆಗೆ ಅಮ್ಮ ಇದ್ದರು, ಕಣ್ಣಿನ ಆಪರೇಷನ್ ಆಗಿತ್ತು. ನನ್ನದು 30 ಯೂನಿಟ್ ಬ್ಯಾಟರಿಯ ಕಾರು. ತಿಪಟೂರಿನಲ್ಲಿ ಅರ್ಧ ಗಂಟೆ ಚಾರ್ಜ್ ಹಾಕಿದ್ದೆ. ಕಡೂರು ದಾಟಿದ ಮೇಲೆ ಇನ್ನೊಂದು ಫಾಸ್ಟ್ ಚಾರ್ಜರ್ ಇದೆ ಅಂತ ಮೊಬೈಲ್ ಆಪ್‌ನಲ್ಲಿ ಹಸಿರು ಗುರುತು ತೋರಿಸುತ್ತಿತ್ತು. ಅದನ್ನು ನಂಬಿ ಬಂದೆ. ರಾತ್ರಿ ಹತ್ತು ಗಂಟೆ. ಬೋರ್ಡ್ ಇದೆ, ಲೈಟ್ ಉರಿಯುತ್ತಿದೆ, ಚಾರ್ಜಿಂಗ್ ಗನ್ ನೇತಾಡುತ್ತಿದೆ. ಕಾರಿಗೆ ಚುಚ್ಚಿದರೆ ಸ್ಕ್ರೀನ್ ಮೇಲೆ ಕೆಂಪು ಅಕ್ಷರ ಬಂತು. ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗ ವಿನಯವಾಗಿಯೇ ಮಾತಾಡಿದ. ದೂರು ದಾಖಲಾಗಿದೆ, 48 ಗಂಟೆಯಲ್ಲಿ ಸರಿಹೋಗುತ್ತದೆ ಅಂದ. ಬ್ಯಾಟರಿಯಲ್ಲಿ ಉಳಿದದ್ದು 9 ಪರ್ಸೆಂಟ್. ಶಿವಮೊಗ್ಗ ಇನ್ನೂ 60 ಕಿಲೋಮೀಟರ್.

ಬೀರೂರಿನ ಹತ್ತಿರ ಒಂದು ಸಣ್ಣ ಹೋಟೆಲ್ ಮುಚ್ಚುವುದರಲ್ಲಿತ್ತು. ಯಜಮಾನರ ಹತ್ತಿರ ಹೋಗಿ ಕಷ್ಟ ಹೇಳಿಕೊಂಡೆ. ಅವರು ಅಮ್ಮನ ಮುಖ ನೋಡಿದರು, ನನ್ನ ಮುಖ ನೋಡಿದರು. “ನಮ್ಮ ಗ್ರೈಂಡರ್ ಪ್ಲಗ್ ಆಗುತ್ತಾ ನೋಡಿ ಸಾರ್” ಅಂದರು. ಆಗುತ್ತದೆ! 16 ಆಂಪಿಯರ್‌ನ ಪವರ್ ಪ್ಲಗ್ ಅದು. ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ, ಇದೆಯಾ ಅಂತ ಟೆಸ್ಟರ್ ಹಿಡಿದು ನೋಡಿದೆ. ಚೆನ್ನಾಗಿತ್ತು. ಮೂರು ಗಂಟೆ ಹಾಕಿದೆ. ಒಂಬತ್ತು ಯೂನಿಟ್ ಹತ್ತಿರ ಏರಿತು. ಅಮ್ಮನಿಗೆ ಅವರು ಒಳಗೆ ಚಾಪೆ ಹಾಸಿ ಕೊಟ್ಟರು. ರಾತ್ರಿ ಎರಡೂವರೆಗೆ ಮನೆ ಸೇರಿದೆವು.

ಹೊರಡುವಾಗ ದುಡ್ಡು ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ. “ಕರೆಂಟ್ ಮಾರಿದರೆ ಕೇಸ್ ಆಗುತ್ತೆ ಅಂತಾರಲ್ಲ ಸಾರ್” ಅಂದರು. ಇದನ್ನು ಇಲ್ಲಿರುವ ಅಂಗಡಿಯವರು, ಹೋಟೆಲಿನವರು ದಯವಿಟ್ಟು ಕೇಳಿಸಿಕೊಳ್ಳಿ. ಗಾಡಿ ಚಾರ್ಜ್ ಮಾಡಿಕೊಡುವುದು ಕರೆಂಟ್ ಮಾರಾಟ ಅಲ್ಲ, ಅದೊಂದು ಸೇವೆ. ಅದಕ್ಕೆ ವಿದ್ಯುತ್ ಕಾಯ್ದೆಯ ಲೈಸೆನ್ಸ್ ಬೇಕಾಗಿಲ್ಲ ಅಂತ ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲೇ ಸ್ಪಷ್ಟ ಮಾಡಿದೆ. ಅಷ್ಟು ವರ್ಷ ಆದರೂ ಆ ಮಾತು ಹೆದ್ದಾರಿ ಪಕ್ಕದ ಹೋಟೆಲಿಗೆ ತಲುಪಿರಲಿಲ್ಲ.

ಆ ರಾತ್ರಿಯಿಂದ ನನ್ನ ತಲೆಯಲ್ಲಿ ಒಂದು ವಿಷಯ ಕೂತುಬಿಟ್ಟಿದೆ. ಲಕ್ಷಗಟ್ಟಲೆ ಬೆಲೆಯ ಫಾಸ್ಟ್ ಚಾರ್ಜರ್ ನಮ್ಮನ್ನು ಮನೆ ಮುಟ್ಟಿಸಲಿಲ್ಲ. ಒಂದು ಗ್ರೈಂಡರ್ ಪ್ಲಗ್ ಮುಟ್ಟಿಸಿತು. ಆ ಪ್ಲಗ್ಗಿನ ಹಿಂದೆ ಒಬ್ಬ ಮನುಷ್ಯ ಇದ್ದ, ಆ ಚಾರ್ಜರ್ ಹಿಂದೆ ಯಾರೂ ಇರಲಿಲ್ಲ.

ನಮ್ಮ ಹಿರಿಯರು ದಾರಿ ಬದಿಯಲ್ಲಿ ಅರವಟ್ಟಿಗೆ ಇಡುತ್ತಿದ್ದರು. ಈಗಲೂ ಬೇಸಿಗೆಯಲ್ಲಿ ಅಲ್ಲಲ್ಲಿ ಇಡುತ್ತಾರೆ. ಬಾಯಾರಿ ಬಂದವನು ಅಲ್ಲಿ ಗಡಿಗೆ ಎಷ್ಟಿವೆ ಅಂತ ಎಣಿಸುವುದಿಲ್ಲ, ಬಗ್ಗಿ ನೀರಿದೆಯಾ ಅಂತ ನೋಡುತ್ತಾನೆ. ಅರವಟ್ಟಿಗೆ ನಡೆಯುವುದು ಬೆಳಿಗ್ಗೆ ಎದ್ದು ಗಡಿಗೆ ತುಂಬಿಸುವ ಒಬ್ಬರು ಇದ್ದಾಗ ಮಾತ್ರ. ಚಾರ್ಜಿಂಗ್ ವಿಷಯದಲ್ಲಿ ನಾವು ಬರೀ ಗಡಿಗೆ ಎಣಿಸುತ್ತಾ ಬಂದಿದ್ದೇವೆ.

ಆ ಎಣಿಕೆಯನ್ನೂ ಒಮ್ಮೆ ನೋಡೋಣ. ಎಲೆಕ್ಟ್ರಿಕ್ ಗಾಡಿಯ ವಿಷಯದಲ್ಲಿ ಕರ್ನಾಟಕ ಹೆಮ್ಮೆ ಪಡಬೇಕಾದ ರಾಜ್ಯ. ರೇವಾ ಅನ್ನುವ ಎಲೆಕ್ಟ್ರಿಕ್ ಕಾರು 2001ರಲ್ಲಿ ಬೆಂಗಳೂರಿನಲ್ಲಿ ರಸ್ತೆಗೆ ಇಳಿಯಿತು. ಆಗ ದೇಶದಲ್ಲಿ ಬಹಳ ಜನ ಈ ಮಾತನ್ನೇ ಕೇಳಿರಲಿಲ್ಲ. 2017ರಲ್ಲಿ ಎಲೆಕ್ಟ್ರಿಕ್ ವಾಹನಗಳಿಗೆ ಅಂತಲೇ ನೀತಿ ತಂದ ಮೊದಲ ರಾಜ್ಯ ನಮ್ಮದು. ಸಾರ್ವಜನಿಕ ಚಾರ್ಜಿಂಗ್ ಸ್ಟೇಷನ್‌ಗಳ ಸಂಖ್ಯೆಯಲ್ಲೂ ನಾವೇ ದೇಶಕ್ಕೆ ಮೊದಲು. 2024ರ ಕೊನೆಯ ಹೊತ್ತಿಗೆ 5,700ಕ್ಕಿಂತ ಜಾಸ್ತಿ ಇದ್ದವು. ಆದರೆ ಅದರಲ್ಲಿ 4,400ಕ್ಕಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆ ಒಂದರಲ್ಲೇ ಇದ್ದವು. ಉಳಿದ 30 ಜಿಲ್ಲೆಗೆ ಹಂಚಿಕೊಳ್ಳಲು ಸಿಕ್ಕಿದ್ದು ಸುಮಾರು 1,300. ಬೀದರ್‌ನಿಂದ ಚಾಮರಾಜನಗರದವರೆಗೆ ಎಲ್ಲ ಸೇರಿ.

ಬೆಂಗಳೂರಿನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಗಾಡಿ ಜಾಸ್ತಿ ಇರುವ ಕಡೆ ಚಾರ್ಜರ್ ಜಾಸ್ತಿ ಇರುವುದು ಸಹಜ. ಆದರೆ ಜಿಲ್ಲಾ ಕೇಂದ್ರಗಳಲ್ಲಿ ಆಗುತ್ತಿರುವುದೇನು ಅಂದರೆ, ಬೆಂಗಳೂರಿನ ನಕ್ಷೆಯನ್ನೇ ಚಿಕ್ಕದು ಮಾಡಿ ತಂದು ಇಲ್ಲಿ ಅಂಟಿಸುತ್ತಿದ್ದಾರೆ. ಅಲ್ಲಿನ ಅಪಾರ್ಟ್‌ಮೆಂಟ್, ಟೆಕ್ ಪಾರ್ಕ್, ಮಾಲ್ ನೋಡಿ ಮಾಡಿದ ಲೆಕ್ಕ ಅದು. ನಮ್ಮ ಊರು ಹಾಗಿಲ್ಲ.

ನಮ್ಮ ಊರಿನ ಲೆಕ್ಕ ಶುರುವಾಗಬೇಕಾದ್ದು ಸ್ಕೂಟರ್ ಮತ್ತು ಆಟೋದಿಂದ. ಗಾಂಧಿ ಬಜಾರಿನ ತುದಿಯಲ್ಲಿ ಹತ್ತು ನಿಮಿಷ ನಿಂತು ನೋಡಿ. ನಿಮ್ಮ ಮುಂದೆ ಹಾದುಹೋಗುವ ಎಲೆಕ್ಟ್ರಿಕ್ ಗಾಡಿಗಳ ಹಸಿರು ನಂಬರ್ ಪ್ಲೇಟುಗಳಲ್ಲಿ ಕಾರು ಎಷ್ಟು, ಸ್ಕೂಟರ್ ಎಷ್ಟು ಅಂತ ನಿಮಗೇ ಗೊತ್ತಾಗುತ್ತದೆ.

ಒಂದು ಯೂನಿಟ್ ಅಂದರೆ ಏನು ಅಂತ ಎಲ್ಲರಿಗೂ ಗೊತ್ತು, ಮೆಸ್ಕಾಂ ಕರೆಂಟ್ ಬಿಲ್ಲಿನಲ್ಲಿ ಪ್ರತಿ ತಿಂಗಳು ನೋಡುತ್ತೀರಿ. ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಒಂದು ಗಂಟೆ ಉರಿದರೆ ಒಂದು ಯೂನಿಟ್. ಸಾಮಾನ್ಯ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಎರಡೂವರೆಯಿಂದ ನಾಲ್ಕು ಯೂನಿಟ್. ಆಟೋದ್ದು ಏಳೆಂಟು ಯೂನಿಟ್, ಕೆಲವು ಒಂಬತ್ತರ ಹತ್ತಿರ. ಸಣ್ಣ ಕಾರಿನದು 20ರಿಂದ 45. ಸ್ಕೂಟರಿನ ಚಾರ್ಜರ್ ಒಂದು ಹೊತ್ತಿಗೆ ಎಳೆಯುವುದು ಇಸ್ತ್ರಿ ಪೆಟ್ಟಿಗೆಯಷ್ಟೇ, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಬಚ್ಚಲುಮನೆಯ ಗೀಸರ್ ಅದರ ಎರಡು ಮೂರು ಪಟ್ಟು ಎಳೆಯುತ್ತದೆ. ನಾವು ಗೀಸರ್ ಹಾಕುವಾಗ ಯಾರನ್ನೂ ಕೇಳುವುದಿಲ್ಲ. ಸ್ಕೂಟರ್ ಚಾರ್ಜ್ ಹಾಕುತ್ತೇನೆ ಅಂದ ತಕ್ಷಣ ಮನೆ ಮಾಲೀಕರಿಗೆ ಭಯ ಶುರುವಾಗುತ್ತದೆ.

ಇದು ತಮಾಷೆ ವಿಷಯ ಅಲ್ಲ. ಬಾಡಿಗೆ ಮನೆಯವರ ನಿಜವಾದ ಸಂಕಟ ಇಲ್ಲೇ ಇದೆ. ಮೊದಲ ಮಹಡಿಯಲ್ಲಿ ಮನೆ, ಸ್ಕೂಟರ್ ಕೆಳಗೆ ಗೇಟಿನ ಹತ್ತಿರ. ಅಲ್ಲಿ ಪ್ಲಗ್ ಇಲ್ಲ. ಇದ್ದರೂ ಅದು ಮಾಲೀಕರ ಮೀಟರಿನದು. ಮೇಲಿಂದ ಕಿಟಕಿಯಲ್ಲಿ ಎಕ್ಸ್‌ಟೆನ್ಷನ್ ವೈರ್ ಇಳಿಬಿಡುತ್ತಾರೆ. ಮಳೆಗಾಲದಲ್ಲಿ ಆ ಎಕ್ಸ್‌ಟೆನ್ಷನ್ ಬೋರ್ಡ್ ನೆಲದ ಮೇಲೆ ಒದ್ದೆಯಾಗಿ ಬಿದ್ದಿರುತ್ತದೆ. ನನಗೆ ರಾತ್ರಿ ನಿದ್ದೆ ಕೆಡಿಸುವ ದೃಶ್ಯ ಅದು.

ಇನ್ನು ಗೃಹಜ್ಯೋತಿ. 2023ರ ಜುಲೈಯಿಂದ ನಡೆಯುತ್ತಿರುವ ಯೋಜನೆ. ನಿಮ್ಮ ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಹತ್ತು ಪರ್ಸೆಂಟ್, ಅಷ್ಟು ಉಚಿತ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಬಡವರಿಗೆ ಇದು ದೊಡ್ಡ ಆಸರೆ. ಆದರೆ ಸರಾಸರಿ ಲೆಕ್ಕ ಹಾಕಿದ ವರ್ಷ ಆ ಮನೆಯಲ್ಲಿ ಎಲೆಕ್ಟ್ರಿಕ್ ಗಾಡಿ ಇರಲಿಲ್ಲ, ಅಲ್ವಾ? ದಿನಕ್ಕೆ 30 ಕಿಲೋಮೀಟರ್ ಓಡುವ ಸ್ಕೂಟರ್ ಸುಮಾರು ಒಂದು ಯೂನಿಟ್ ತಿನ್ನುತ್ತದೆ. ತಿಂಗಳಿಗೆ 30 ಯೂನಿಟ್. ಪೆಟ್ರೋಲಿಗೆ ಹೋಲಿಸಿದರೆ ಏನೂ ಅಲ್ಲ. ಆದರೂ 180 ಯೂನಿಟ್ ಸುಡುವ ಮನೆ ಈ 30 ಸೇರಿ 210ಕ್ಕೆ ಹೋದರೆ ಸೊನ್ನೆ ಬಿಲ್ ಬರುತ್ತಿದ್ದ ಮನೆಗೆ ಪೂರ್ತಿ ಬಿಲ್ ಬರುತ್ತದೆ. ನಾನು ಕೆಲಸ ಮಾಡುವ ಮನೆಗಳಲ್ಲಿ ಈ ವಿಷಯಕ್ಕೆ ಮಾಲೀಕರೂ ಬಾಡಿಗೆದಾರರೂ ಮಾತು ಬಿಟ್ಟದ್ದನ್ನು ನೋಡಿದ್ದೇನೆ. ಆಗ ಸ್ಕೂಟರಿನವರು ಏನು ಮಾಡಬೇಕು? ಹೊರಗೆ ಹೋಗಿ ಚಾರ್ಜ್ ಹಾಕಬೇಕು. ಹೊರಗೆ ಅವರಿಗಾಗಿ ಏನಿದೆ? ಕಾರಿಗಾಗಿ ಇಟ್ಟ ಫಾಸ್ಟ್ ಚಾರ್ಜರ್ ಇದೆ. ಅದರ ಗನ್ ಸ್ಕೂಟರಿಗೆ ಕೂರುವುದಿಲ್ಲ.

ಈ ಗನ್ನಿನ ವಿಷಯ ಹೇಳಲೇಬೇಕು. ಮೊದಮೊದಲು ಸರ್ಕಾರಿ ಯೋಜನೆಗಳಲ್ಲಿ ಹಾಕಿದ 15 ಕಿಲೋವ್ಯಾಟಿನ (ಅಂದರೆ ಗಂಟೆಗೆ 15 ಯೂನಿಟ್ ಕೊಡುವ) ಡಿಸಿ ಚಾರ್ಜರುಗಳು ಆ ಕಾಲದ ಟ್ಯಾಕ್ಸಿ ಕಾರುಗಳಿಗೆ ಅಂತ ಮಾಡಿದ್ದವು. ಆಮೇಲೆ ಬಂದ ಕಾರುಗಳಲ್ಲಿ ಹೆಚ್ಚಿನವು ಸಿಸಿಎಸ್-2 ಅನ್ನುವ ಬೇರೆ ಗನ್ನಿಗೆ ಹೋದವು. ಹಳೇ ಚಾರ್ಜರ್ ಕೆಟ್ಟಿಲ್ಲ, ಕರೆಂಟೂ ಇದೆ, ಆದರೆ ಹಾಕಿಕೊಳ್ಳುವ ಗಾಡಿ ಇಲ್ಲ. ಎಣಿಕೆಯಲ್ಲಿ ಅದೂ ಒಂದು ಸ್ಟೇಷನ್. ಸ್ಕೂಟರುಗಳಲ್ಲಿ ಇನ್ನೂ ಗೋಜಲು, ಒಂದೊಂದು ಕಂಪನಿಗೆ ಒಂದೊಂದು ಪಿನ್ನು. ಬೆಂಗಳೂರಿನ ಏಥರ್ ಕಂಪನಿ ರೂಪಿಸಿದ ಕನೆಕ್ಟರಿಗೆ 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಒಪ್ಪಿಗೆ ಸಿಕ್ಕಿದೆ. ಹಾಗಂತ ಎಲ್ಲರೂ ಅದಕ್ಕೆ ಬಂದಿಲ್ಲ. ಆದರೆ ಮನೆಯಲ್ಲಿ ಚಾರ್ಜ್ ಆಗುವ ಗಾಡಿಗಳೆಲ್ಲ ಒಪ್ಪುವ ಒಂದು ತೂತು ನಮ್ಮ ದೇಶದಲ್ಲಿ ಇದೆ. ಮೂರು ಪಿನ್ನಿನ ಸಾಕೆಟ್. ಸ್ಕೂಟರ್, ಆಟೋ, ಕಾರು ಯಾವುದೇ ಇರಲಿ, ಜೊತೆಗೆ ಬರುವ ಚಾರ್ಜರ್ ಅದಕ್ಕೆ ಕೂರುತ್ತದೆ.

ಹಾಗಾದರೆ ಒಂದು ಲೆಕ್ಕ ಮಾಡಿ. ಒಂದು 60 ಕಿಲೋವ್ಯಾಟಿನ ಫಾಸ್ಟ್ ಚಾರ್ಜರ್ ಹಾಕಬೇಕು. ನಿಮ್ಮ ಬೀದಿ ಕೊನೆಯಲ್ಲಿ ಕಂಬದ ಮೇಲೆ ಕೂತಿರುವ ಟಿಸಿ, ಅಂದರೆ ಟ್ರಾನ್ಸ್ಫಾರ್ಮರ್, ನೋಡಿದ್ದೀರಲ್ಲ, ಎಷ್ಟೋ ಕಡೆ ಅದು 63 ಕೆವಿಎ ಅಥವಾ 100 ಕೆವಿಎ. ಕೆವಿಎ ಅಂದರೆ ಹೆಚ್ಚುಕಡಿಮೆ ಕಿಲೋವ್ಯಾಟ್ ಅಂತಲೇ ಇಟ್ಟುಕೊಳ್ಳಿ. ಇಡೀ ಬೀದಿಯ ಮಿಕ್ಸಿ, ಮೋಟರ್, ಟಿವಿ ಎಲ್ಲ ಅದರ ಮೇಲೆ ನಡೆಯಬೇಕು. ಒಂದು ಫಾಸ್ಟ್ ಚಾರ್ಜರ್ ಒಂದು 63ರ ಟಿಸಿಯನ್ನು ಪೂರ್ತಿ ನುಂಗುತ್ತದೆ. ಅದಕ್ಕೇ ಅವರು ಬೇರೆ ಟಿಸಿ, ಬೇರೆ ಕೇಬಲ್ ಹಾಕಿಸಬೇಕು. ಖರ್ಚು ಲಕ್ಷಗಟ್ಟಲೆ. ಅದೇ 60 ಕಿಲೋವ್ಯಾಟಿನಲ್ಲಿ 3 ಕಿಲೋವ್ಯಾಟಿನ 20 ಸಾಕೆಟ್ ನಡೆಯುತ್ತವೆ. ಇಪ್ಪತ್ತನ್ನೂ ಒಂದೇ ಕಡೆ ಇಡಬೇಕಾಗಿಲ್ಲ. ಐದು ಬೀದಿಗೆ ನಾಲ್ಕು ನಾಲ್ಕು ಹಂಚಿದರೆ ಹೊಸ ಟಿಸಿ ಕೂಡ ಬೇಕಾಗದೇ ಇರಬಹುದು. ಇಂಥ ಸಾಕೆಟಿಗೆ 2021ರಲ್ಲಿ ದೇಶದ ಮಟ್ಟದಲ್ಲಿ ಒಂದು ಮಾನಕವೇ ಆಯಿತು. ಫೋನಿನಲ್ಲಿ ಸ್ಕ್ಯಾನ್ ಮಾಡಿ, ಎಷ್ಟು ಯೂನಿಟ್ ಆಯಿತೋ ಅಷ್ಟು ದುಡ್ಡು ಕಟ್ಟುವ 3 ಕಿಲೋವ್ಯಾಟಿನ ಪೆಟ್ಟಿಗೆ. ಬೆಲೆ 3,500 ರೂಪಾಯಿ ಒಳಗೆ ಇರಬೇಕು ಅನ್ನುವುದು ಗುರಿಯಾಗಿತ್ತು.

“ನಿಧಾನ ಆಗುತ್ತಲ್ಲ” ಅಂತ ನೀವು ಕೇಳುತ್ತೀರಿ. ಹೌದು, ನಿಧಾನ. ಸ್ಕೂಟರಿಗೆ ನಾಲ್ಕೈದು ಗಂಟೆ ಬೇಕು. ಆದರೆ ಒಂದು ಸ್ಕೂಟರ್ ದಿನದಲ್ಲಿ ಎಷ್ಟು ಹೊತ್ತು ಓಡುತ್ತದೆ? ಒಂದೂವರೆ ಗಂಟೆ ಅಂತ ಇಟ್ಟುಕೊಳ್ಳಿ. ಉಳಿದ ಇಪ್ಪತ್ತೆರಡೂವರೆ ಗಂಟೆ ಅದು ಎಲ್ಲೋ ಸುಮ್ನೆ ನಿಂತಿರುತ್ತದೆ. ಆ ನಿಂತ ಜಾಗದಲ್ಲಿ ಕರೆಂಟ್ ಇದ್ದರೆ ವೇಗದ ಪ್ರಶ್ನೆಯೇ ಬರುವುದಿಲ್ಲ. ಪೆಟ್ರೋಲ್ ಹಾಕಿಸಿ ನಮಗೆ ಒಂದು ಅಭ್ಯಾಸ ಆಗಿಬಿಟ್ಟಿದೆ, ಬಂಕಿಗೆ ಹೋಗಬೇಕು, ಹಾಕಿಸಬೇಕು, ಬರಬೇಕು. ಎಲೆಕ್ಟ್ರಿಕ್ ಗಾಡಿಯನ್ನೂ ಹಾಗೇ ನೋಡುತ್ತೇವೆ. ಕೊಟ್ಟಿಗೆಯ ದನವನ್ನು ಮೇವಿಗೆ ಅಂತ ಪೇಟೆಗೆ ಹೊಡೆದುಕೊಂಡು ಹೋಗುತ್ತೇವಾ? ಕಟ್ಟಿದ ಗೂಟದ ಹತ್ತಿರವೇ ಹುಲ್ಲು ಹಾಕುತ್ತೇವೆ.

ದೊಡ್ಡ ಬಸ್ಸು ಕೂಡ ಹಾಗೇ. ಕೆಎಸ್‌ಆರ್‌ಟಿಸಿ 2023ರಲ್ಲಿ ಇವಿ ಪವರ್ ಪ್ಲಸ್ ಬಸ್ಸುಗಳನ್ನು ಬೆಂಗಳೂರಿನಿಂದ ಓಡಿಸಲು ಶುರುಮಾಡಿತು. ಮೊದಲು ಮೈಸೂರಿಗೆ, ಆಮೇಲೆ ಮಡಿಕೇರಿ, ಚಿಕ್ಕಮಗಳೂರು, ದಾವಣಗೆರೆ, ನಮ್ಮ ಶಿವಮೊಗ್ಗಕ್ಕೂ. ಅವು ನಿಲ್ಲುವ ಜಾಗದಲ್ಲೇ ಚಾರ್ಜ್ ಆಗುತ್ತವೆ. ಬಸ್ಸಿಗೆ ಹೊಳೆದದ್ದು ಸ್ಕೂಟರಿಗೆ ಯಾಕೆ ಹೊಳೆಯಬಾರದು?

ನಮ್ಮ ಊರಲ್ಲಿ ಗಾಡಿಗಳು ಎಲ್ಲಿ ನಿಲ್ಲುತ್ತವೆ? ರೈಲ್ವೆ ಸ್ಟೇಷನ್ನಿನ ಪಾರ್ಕಿಂಗ್ ನೋಡಿ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದವರ ಸ್ಕೂಟರ್ ರಾತ್ರಿಯವರೆಗೆ ಅಲ್ಲೇ. ಬಸ್ ಸ್ಟ್ಯಾಂಡಿನದೂ ಅದೇ ಕಥೆ. ಭದ್ರಾವತಿ, ತೀರ್ಥಹಳ್ಳಿಗೆ ಕೆಲಸಕ್ಕೆ ಹೋಗುವ ಟೀಚರುಗಳು, ಬ್ಯಾಂಕಿನವರು ಸ್ಕೂಟರ್ ಅಲ್ಲಿ ಬಿಟ್ಟು ಬಸ್ ಹತ್ತುತ್ತಾರೆ. ಮೆಗ್ಗಾನ್ ಆಸ್ಪತ್ರೆಯ ಆವರಣ, ಕೋರ್ಟು, ಡಿಸಿ ಆಫೀಸು, ಕಾಲೇಜುಗಳು. ದುರ್ಗಿಗುಡಿಯ ಅಂಗಡಿಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳ ಸ್ಕೂಟರುಗಳು ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಬಿಸಿಲಲ್ಲಿ ನಿಂತಿರುತ್ತವೆ. ಸ್ಮಾರ್ಟ್ ಸಿಟಿ ಕೆಲಸದಲ್ಲಿ ಕನ್ಸರ್ವೆನ್ಸಿಗಳಿಗೆ, ಅಂದರೆ ಕಟ್ಟಡಗಳ ಹಿಂದಿನ ಸಣ್ಣ ಓಣಿಗಳಿಗೆ, ಟೈಲ್ಸ್ ಹಾಕಿ ಚೊಕ್ಕ ಮಾಡಿದರಲ್ಲ, ಆ ಗೋಡೆಗಳಲ್ಲಿ ಸಾಕೆಟ್ ಪೆಟ್ಟಿಗೆ ಕೂರಿಸಿದರೆ ಯಾರಿಗೂ ಅಡ್ಡ ಆಗುವುದಿಲ್ಲ.

ಎಲ್ಲಕ್ಕಿಂತ ಮೊದಲು ಆಟೋ ಸ್ಟ್ಯಾಂಡ್. ಎಲೆಕ್ಟ್ರಿಕ್ ಆಟೋ ತೆಗೆದುಕೊಂಡ ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ವಠಾರದ ಮನೆ, ಓಣಿಯೊಳಗೆ ಆಟೋ ಹೋಗುವುದಿಲ್ಲ. “ಅಣ್ಣ, ನಮ್ಮ ಅತ್ತೆ ಮನೆಯಲ್ಲಿ ರಾತ್ರಿ ಆಟೋ ಬಿಟ್ಟು ನಡ್ಕೊಂಡು ಬರ್ತೀನಿ. ಮಳೆ ಬಂದ್ರೆ ನೆನ್ಕೊಂಡೇ” ಅಂದ. ಸಂಜೆ ನಾಲ್ಕಕ್ಕೆ ಬ್ಯಾಟರಿ ಇಳಿಯುತ್ತದೆ. ಸಂಜೆಯೇ ಬಾಡಿಗೆ ಜಾಸ್ತಿ ಸಿಗುವ ಹೊತ್ತು. ಮಧ್ಯಾಹ್ನ ಒಂದರಿಂದ ಮೂರರವರೆಗೆ ಅವನು ಸ್ಟ್ಯಾಂಡಿನಲ್ಲಿ ಊಟ ಮಾಡಿ ಮಲಗಿರುತ್ತಾನೆ. ಆ ಎರಡು ಗಂಟೆ ಸ್ಟ್ಯಾಂಡಿನ ಕಂಬದಲ್ಲಿ ಒಂದು ಸಾಕೆಟ್ ಇದ್ದಿದ್ದರೆ ಸಂಜೆಯ ದುಡಿಮೆ ಅವನ ಕೈಯಲ್ಲಿ ಇರುತ್ತಿತ್ತು. ನಾನು ಇದನ್ನು ಅವನ ಮುಖ ನೆನೆದುಕೊಂಡೇ ಹೇಳುತ್ತಿದ್ದೇನೆ. ಸಾಲ ಮಾಡಿ ಆಟೋ ತಂದವನು ಅವನು.

ಇನ್ನೊಂದು ವಿಷಯ ನನ್ನ ಕಸುಬಿನದು, ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ. ಅರ್ತಿಂಗ್. ಸಾಕೆಟ್ ಹಾಕಿಬಿಟ್ಟರೆ ಆಗಲಿಲ್ಲ. ಕಾರಿನ ಚಾರ್ಜರ್ ಬಹಳ ಹುಷಾರಿನ ಯಂತ್ರ. ಅರ್ತ್ ಸರಿ ಇಲ್ಲದಿದ್ದರೆ ಅದು ಕರೆಂಟ್ ತೆಗೆದುಕೊಳ್ಳುವುದೇ ಇಲ್ಲ, ಕೆಂಪು ದೀಪ ತೋರಿಸಿ ಕೂತುಬಿಡುತ್ತದೆ. ಜನ “ಚಾರ್ಜರ್ ಹಾಳಾಗಿದೆ” ಅನ್ನುತ್ತಾರೆ. ಎಷ್ಟೋ ಸಲ ಹಾಳಾಗಿರುವುದು ನಮ್ಮ ಅರ್ತ್. ಹಳೇ ಮನೆಗಳಲ್ಲಿ ಮೂರನೇ ತೂತು ಇರುತ್ತದೆ, ಒಳಗೆ ವೈರೇ ಇರುವುದಿಲ್ಲ. ಇದ್ದರೂ ಮೂವತ್ತು ವರ್ಷದ ಹಿಂದೆ ಇದ್ದಿಲು, ಉಪ್ಪು ಹಾಕಿ ಹೂತ ಪೈಪು ಈಗ ತುಕ್ಕು ಹಿಡಿದಿರುತ್ತದೆ. ಅದರ ಮೇಲೆ ನಮ್ಮ ಮಲೆನಾಡಿನ ಜಂಬಿಟ್ಟಿಗೆ ನೆಲ. ಮಳೆಗಾಲದಲ್ಲಿ ಪರವಾಗಿಲ್ಲ, ಏಪ್ರಿಲ್ ಬಂತು ಅಂದರೆ ಒಣಗಿ ಕಲ್ಲಾಗುತ್ತದೆ. ಆಗ ಅರ್ತ್ ಕೈಕೊಡುತ್ತದೆ. ಮಳೆಗಾಲದಲ್ಲಿ ಚೆನ್ನಾಗಿ ನಡೆದ ಚಾರ್ಜರ್ ಬೇಸಿಗೆಯಲ್ಲಿ ಮುಷ್ಕರ ಹೂಡಿದರೆ ಮೊದಲು ಅರ್ತ್ ಗುಂಡಿಗೆ ಎರಡು ಕೊಡ ನೀರು ಹಾಕಿ ನೋಡಿ. ವಿನೋಬನಗರದ ಒಂದು ಮನೆಯಲ್ಲಿ ಅರ್ತ್ ಗುಂಡಿ ತುಳಸಿಕಟ್ಟೆಯ ಪಕ್ಕದಲ್ಲೇ ಇತ್ತು. ಅಜ್ಜಿ ದಿನಾ ತಂಬಿಗೆ ನೀರು ಹಾಕುತ್ತಿದ್ದರು. ನಾನು ಅಳತೆ ಮಾಡಿದವುಗಳಲ್ಲಿ ಅಷ್ಟು ಒಳ್ಳೆಯ ಅರ್ತ್ ಬಹಳ ಕಡಿಮೆ ನೋಡಿದ್ದೇನೆ. ಸಾರ್ವಜನಿಕ ಜಾಗದಲ್ಲಿ ಹಾಕುವ ಸಾಕೆಟಿಗೆ ಆರ್‌ಸಿಸಿಬಿ ಕಡ್ಡಾಯವಾಗಿ ಇರಲಿ, ಕರೆಂಟ್ ಸೋರಿದ ತಕ್ಷಣ ಕಡಿದುಹಾಕುವ ಸ್ವಿಚ್ ಅದು. ಮಕ್ಕಳು ಮುಟ್ಟುವ ಜಾಗ ಅದು. ಇದರಲ್ಲಿ ಮಾತ್ರ ಯಾರೂ ದುಡ್ಡು ಉಳಿಸಲು ಹೋಗಬೇಡಿ.

ಹಾಗಾದರೆ ಫಾಸ್ಟ್ ಚಾರ್ಜರ್ ಬೇಡವೇ? ಬೇಕು, ಹೆದ್ದಾರಿಯಲ್ಲಿ ಬೇಕೇ ಬೇಕು. ಶಿವಮೊಗ್ಗ ನಾಲ್ಕು ದಿಕ್ಕಿನ ಕೂಡುದಾರಿ. ಜೋಗಕ್ಕೆ ಹೋಗುವವರು, ಆಗುಂಬೆ ಇಳಿದು ಉಡುಪಿಗೆ ಹೋಗುವವರು, ಸಿಗಂದೂರಿಗೆ ಹೋಗುವವರು ಎಲ್ಲರೂ ಇಲ್ಲಿ ಹಾದುಹೋಗುತ್ತಾರೆ. ಕೇಂದ್ರದ ಮಾರ್ಗಸೂಚಿಯಲ್ಲಿ ಮೊದಲು ಹೆದ್ದಾರಿಯಲ್ಲಿ 25 ಕಿಲೋಮೀಟರಿಗೆ ಒಂದು ಸ್ಟೇಷನ್ ಅಂತ ಇತ್ತು, 2024ರಲ್ಲಿ ಅದನ್ನು 20ಕ್ಕೆ ಇಳಿಸಿದರು. ಒಳ್ಳೆಯದೇ. ಆದರೆ ಇಲ್ಲಿ ಬಂಡವಾಳ ಹಾಕುವವರ ಕಷ್ಟವನ್ನೂ ನೋಡಬೇಕು. ಶನಿವಾರ, ಭಾನುವಾರ ಕಾರುಗಳ ಸಾಲು. ಬುಧವಾರ ಒಂದೋ ಎರಡೋ. ಬಾಡಿಗೆ, ಕರೆಂಟಿನ ಫಿಕ್ಸೆಡ್ ಚಾರ್ಜ್ ಏಳೂ ದಿನ ಕಟ್ಟಬೇಕು. ಗಾಡಿಯ ಮೇಲೆ ಜಿಎಸ್‌ಟಿ 5 ಪರ್ಸೆಂಟ್, ಚಾರ್ಜಿಂಗ್ ಸೇವೆಯ ಮೇಲೆ 18. ಅದಕ್ಕೇ ಮನೆಯಲ್ಲಿ ಆರೇಳು ರೂಪಾಯಿಗೆ ಸಿಗುವ ಯೂನಿಟಿಗೆ ಹೆದ್ದಾರಿಯಲ್ಲಿ ನಾನು 18ರಿಂದ 24 ರೂಪಾಯಿ ಕೊಟ್ಟಿದ್ದೇನೆ. ಗಿರಾಕಿ ಕಡಿಮೆ ಇರುವ ಕಡೆ ಕೆಟ್ಟ ಚಾರ್ಜರ್ ರಿಪೇರಿಗೆ ಬೆಂಗಳೂರಿನಿಂದ ಜನ ಬರಬೇಕು. ಒಳಗಿನ ಒಂದು ಸರ್ಕ್ಯೂಟ್ ಕಾರ್ಡ್ ಸುಟ್ಟರೆ ಹದಿನೈದು ದಿನ. ಬೀರೂರಿನ ರಾತ್ರಿ ನನಗಾದದ್ದರ ಹಿಂದೆ ಇರುವ ಕಾರಣ ಇದು ಅಂತ ಈಗ ಅರ್ಥವಾಗುತ್ತದೆ.

ಅದಕ್ಕೇ ಉಸ್ತುವಾರಿ ಊರಿನವರ ಕೈಯಲ್ಲಿ ಇರಬೇಕು ಅನ್ನುತ್ತೇನೆ. ಭದ್ರಾ ನಾಲೆಯ ಕೆಳಗೆ ಗದ್ದೆ ಮಾಡಿದವರಿಗೆ ನೀರುಗಂಟಿ ಯಾರು ಅಂತ ಗೊತ್ತು. ನಾಲೆ ಸರ್ಕಾರದ್ದು, ನೀರು ಎಲ್ಲರದು. ಆದರೆ ಯಾವ ತೂಬು ಕಟ್ಟಿದೆ, ಯಾರ ಗದ್ದೆಗೆ ನೀರು ಮುಟ್ಟಿಲ್ಲ ಅಂತ ನೋಡಿಕೊಳ್ಳುವವನು ಅವನೊಬ್ಬ. ಚಾರ್ಜಿಂಗ್ ಜಾಗಕ್ಕೂ ಅಂಥ ಒಬ್ಬರು ಬೇಕು. ಪಾರ್ಕಿಂಗ್ ರಸೀದಿ ಹರಿಯುವವರು ಆಗಬಹುದು, ಪಕ್ಕದ ಟೀ ಅಂಗಡಿಯವರು ಆಗಬಹುದು. ಎಂಸಿಬಿ ಸ್ವಿಚ್ ಟ್ರಿಪ್ ಆದರೆ ಎತ್ತಿ ಹಾಕುವುದು, ಪೆಟ್ರೋಲ್ ಕಾರು ಅಡ್ಡ ನಿಂತಿದ್ದರೆ ಎಬ್ಬಿಸುವುದು, ಕೆಟ್ಟಿದ್ದರೆ ಊರಿನ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುವುದು. ಯೂನಿಟ್ಟಿಗೆ ಒಂದು ರೂಪಾಯಿ ಅವರಿಗೆ ಹೋಗಲಿ. ಸಾಕೆಟ್ ರಿಪೇರಿ ಮಾಡಲು ಬೆಂಗಳೂರಿನ ಇಂಜಿನಿಯರ್ ಬೇಡ. ನಮ್ಮ ಐಟಿಐ ಹುಡುಗರು ಸಾಕು. ಫಾಸ್ಟ್ ಚಾರ್ಜರಿಗೂ ಸಾಕೆಟ್ಟಿಗೂ ಇರುವ ದೊಡ್ಡ ವ್ಯತ್ಯಾಸ ನನ್ನ ಪ್ರಕಾರ ಇದೇ.

ದುಡ್ಡು ಎಲ್ಲಿಂದ? 2024ರ ಅಕ್ಟೋಬರಿನಲ್ಲಿ ಶುರುವಾದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗ್ ಜಾಗಗಳಿಗೆ ಅಂತಲೇ 2,000 ಕೋಟಿ ರೂಪಾಯಿ ಇಟ್ಟಿದ್ದಾರೆ. ಯೋಜನೆ ಘೋಷಿಸಿದಾಗ ಹೇಳಿದ ಲೆಕ್ಕದಲ್ಲಿ ಕಾರುಗಳಿಗೆ 22,100 ಚಾರ್ಜರ್, ಬಸ್ಸುಗಳಿಗೆ 1,800, ದ್ವಿಚಕ್ರ ಮತ್ತು ಮೂರು ಚಕ್ರದ ಗಾಡಿಗಳಿಗೆ 48,400. ಕೊನೆಯ ಸಂಖ್ಯೆ ಗಮನಿಸಿ. ದೆಹಲಿಯಲ್ಲಿ ಕೂತವರೂ ಸ್ಕೂಟರ್, ಆಟೋಗಳಿಗೇ ಜಾಸ್ತಿ ಇಟ್ಟಿದ್ದಾರೆ. ನಮ್ಮ ಊರು ಅದನ್ನು ಕೇಳಿ ಪಡೆಯಬೇಕು. ಕೇಳಬೇಕಾದರೆ ಎಲ್ಲಿ ಬೇಕು, ಎಷ್ಟು ಬೇಕು, ಅಲ್ಲಿ ಯಾವ ಟಿಸಿ ಇದೆ, ಅದರಲ್ಲಿ ಎಷ್ಟು ಲೋಡ್ ಉಳಿದಿದೆ ಅನ್ನುವ ಪಟ್ಟಿ ಕೈಯಲ್ಲಿರಬೇಕು. ಬರೀ “ಚಾರ್ಜಿಂಗ್ ಸ್ಟೇಷನ್ ಬೇಕು” ಅಂತ ಮನವಿ ಕೊಟ್ಟರೆ ಎಲ್ಲೋ ಒಂದು ಮೂಲೆಯಲ್ಲಿ ಒಂದು ದೊಡ್ಡ ಪೆಟ್ಟಿಗೆ ತಂದು ನಿಲ್ಲಿಸುತ್ತಾರೆ.

ಇಷ್ಟು ಹೇಳಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಬರೆಯುತ್ತೇನೆ.

ಹಿಂದೆ ಕೂತಿದ್ದ ಹಿರಿಯರೊಬ್ಬರು ಎದ್ದು, “ಇರುವ ಕರೆಂಟೇ ಸಾಲದು. ಹಳ್ಳಿಯಲ್ಲಿ ಪಂಪ್‌ಸೆಟ್ಟಿಗೆ ತ್ರೀಫೇಸ್ ಇಲ್ಲ. ಇದಕ್ಕೆಲ್ಲ ಎಲ್ಲಿಂದ ತರುತ್ತೀರಿ?” ಅಂದರು. ಅವರು ಸಾಗರದ ಕಡೆಯವರು. ಮನೆತನದ ಜಮೀನು ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಹೋಗಿದೆ. ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಲು ಆಗುವುದಿಲ್ಲ. ರಾಜ್ಯಕ್ಕೆಲ್ಲ ಬೆಳಕು ಕೊಟ್ಟ ಜಿಲ್ಲೆ ನಮ್ಮದು. ಬೆಳಕಿಗಾಗಿ ಮನೆ ಬಿಟ್ಟವರ ಊರುಗಳೇ ಎಷ್ಟೋ ವರ್ಷ ಚಿಮಣಿ ದೀಪದಲ್ಲಿ ಇದ್ದವು. ನಾನು ಅವರಿಗೆ ಲೆಕ್ಕ ಹೇಳಿದೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಅದು ಪೂರ್ತಿ ಓಡಿದರೆ ಸಾವಿರ ಯೂನಿಟ್ ತಯಾರಾಗಲು ನಾಲ್ಕು ಸೆಕೆಂಡೂ ಬೇಡ. ಸಾವಿರ ಸ್ಕೂಟರುಗಳ ಒಂದು ದಿನದ ಓಡಾಟಕ್ಕೆ ಅಷ್ಟು ಸಾಕು. ಹಾಗಾಗಿ ಕೊರತೆ ಇರುವುದು ಅಲ್ಲಿ ಅಲ್ಲ, ಬೀದಿಯ ಟಿಸಿಯಲ್ಲಿ, ಅದೂ ಸಂಜೆ ಏಳರಿಂದ ಹತ್ತರವರೆಗೆ. ಎಲ್ಲರೂ ಮನೆಗೆ ಬಂದು ಆ ಹೊತ್ತಿಗೇ ಚಾರ್ಜ್ ಹಾಕಿದರೆ ಡಿಮ್ ಆಗುತ್ತದೆ. ಹಗಲು ಹೊತ್ತು, ಸೋಲಾರ್ ಕರೆಂಟ್ ಧಾರಾಳವಾಗಿ ಇರುವಾಗ, ಕೆಲಸದ ಜಾಗದಲ್ಲೇ ಸ್ಕೂಟರ್ ಚಾರ್ಜ್ ಆದರೆ ಸಂಜೆಯ ಹೊರೆ ಇಳಿಯುತ್ತದೆ. ಹಗಲಿನ ಚಾರ್ಜಿಂಗಿಗೆ ದರ ಕಡಿಮೆ ಇರಬೇಕು ಅಂತ ಕೇಂದ್ರದ ಮಾರ್ಗಸೂಚಿಯೂ ಹೇಳುತ್ತದೆ. “ಹಾಗಾದ್ರೆ ಸರಿ. ಪಂಪ್‌ಸೆಟ್ಟಿನ ವಿಷಯ ಮಾತ್ರ ಮರೀಬೇಡಿ” ಅಂದು ಕೂತರು. ಮರೆಯುವುದಿಲ್ಲ.

ಇನ್ನೊಬ್ಬರು, ಬಾಡಿಗೆ ಮನೆಯಲ್ಲಿರುವ ನರ್ಸ್, “ನಮ್ಮ ಓನರ್ ಒಪ್ಪಲ್ಲ ಸಾರ್, ಏನ್ ಮಾಡ್ಲಿ?” ಅಂತ ಕೇಳಿದರು. ಗಾಡಿ ಚಾರ್ಜಿಂಗಿಗೆ ಅಂತಲೇ ಪ್ರತ್ಯೇಕ ಕನೆಕ್ಷನ್ ಕೇಳಲು 2024ರ ಗ್ರಾಹಕ ಹಕ್ಕುಗಳ ನಿಯಮದಲ್ಲಿ ಅವಕಾಶ ಇದೆ. ನಮ್ಮಂಥ ನಗರಗಳಲ್ಲಿ ಅರ್ಜಿ ಸರಿ ಇದ್ದರೆ ಏಳು ದಿನದಲ್ಲಿ ಹೊಸ ಕನೆಕ್ಷನ್ ಕೊಡಬೇಕು ಅಂತಲೂ ಇದೆ. ಬೇರೆ ಮೀಟರ್, ಬೇರೆ ಆರ್‌ಆರ್ ನಂಬರ್. ಆಗ ಮಾಲೀಕರ ಗೃಹಜ್ಯೋತಿ ಲೆಕ್ಕಕ್ಕೆ ಕೈ ಹಾಕಿದಂತೆ ಆಗುವುದಿಲ್ಲ. ಒಂದು ಕಾಂಪೌಂಡಿನಲ್ಲಿ ನಾಲ್ಕು ಮನೆ ಇದ್ದರೆ ನಾಲ್ವರೂ ಸೇರಿ ಒಂದೇ ಮೀಟರ್ ಮಾಡಿಸಿಕೊಳ್ಳಬಹುದು. ನಾನೇ ಬಂದು ಅವರ ಮಾಲೀಕರ ಹತ್ತಿರ ಮಾತಾಡುತ್ತೇನೆ ಅಂತ ಹೇಳಿದ್ದೇನೆ. ವಿಳಾಸ ಬರೆದುಕೊಂಡಿದ್ದೇನೆ.

ಸಭೆ ಮುಗಿಯುವ ಮೊದಲು ಒಂದು ತೀರ್ಮಾನ ಆಯಿತು. ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಬಸ್ ಸ್ಟ್ಯಾಂಡ್ ಹತ್ತಿರದ ಆಟೋ ಸ್ಟ್ಯಾಂಡಿನಿಂದ ಶುರುಮಾಡಿ ರೈಲ್ವೆ ಸ್ಟೇಷನ್‌ವರೆಗೆ ನಡೆಯುತ್ತೇವೆ. ಪ್ರತಿ ಪಾರ್ಕಿಂಗ್ ಜಾಗ, ಪ್ರತಿ ಟಿಸಿಯ ನಂಬರ್ ಬರೆದುಕೊಳ್ಳುತ್ತೇವೆ. ಆಟೋ ಹುಡುಗ ಅವನ ಸ್ನೇಹಿತರನ್ನು ಕರೆತರುತ್ತಾನೆ. ಬರುವವರು ಒಂದು ನೋಟ್ ಪುಸ್ತಕ ತನ್ನಿ. ಅರ್ತ್ ಟೆಸ್ಟರ್, ಅಳತೆ ಟೇಪು ನಾನು ತರುತ್ತೇನೆ.